ಹತ್ತಿರದವರ ಸಾವನ್ನು ಕಣ್ಣಾರೆ ನೋಡಿದ ಮೇಲೆ ಬದುಕು ನಿಜವಾಗಲೂ ಬದಲಾಗುತ್ತದಾ?

ಬದಲಾಗುತ್ತದೆ, ಆದರೆ ತಕ್ಷಣ ಅಲ್ಲ. ನಮ್ಮಜ್ಜ ತೀರಿಕೊಂಡಿದ್ದು ದಾವಣಗೆರೆಯ ಮನೆಯಲ್ಲೇ. ಆ ರಾತ್ರಿ ಪಕ್ಕದಲ್ಲಿ ನಾನಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅಂತರ ಜಾಸ್ತಿಯಾಗುತ್ತಾ ಹೋಯಿತು. ಆಮೇಲೆ ಮುಂದಿನದು ಬರಲೇ ಇಲ್ಲ. ಹತ್ತಿ ಮಿಲ್ಲಿನಲ್ಲಿ ದುಡಿದ ಕೈ ಇನ್ನೂ ಬೆಚ್ಚಗಿತ್ತು. ಚಿತ್ರದುರ್ಗದ ಕೋಟೆ ಇನ್ನೊಮ್ಮೆ ನೋಡಬೇಕು ಅಂತ ಅವರು ಎರಡು ವರ್ಷದಿಂದ ಕೇಳುತ್ತಿದ್ದರು. ಸುಮಾರು 60 ಕಿಲೋಮೀಟರ್ ದಾರಿ, ಅಷ್ಟೇ. ನಾನು ‘ಮುಂದಿನ ತಿಂಗಳು’ ಅನ್ನುತ್ತಲೇ ಇದ್ದೆ.

ಮೊದಲ ಕೆಲವು ತಿಂಗಳು ಬರೀ ಭಯ, ನಿದ್ದೆಗೇಡು. ಮಾತನಾಡಿಸಲು ಬಂದವರು ‘ಮರಣವೇ ಮಹಾನವಮಿ’ ಅಂದರೆ ಸಿಟ್ಟು ಬರುತ್ತಿತ್ತು ಅನ್ನಿ.

ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೌನ್ 1990ರ ದಶಕದಲ್ಲಿ ಇಂಥ ಬದಲಾವಣೆಗೆ ‘ಆಘಾತದ ನಂತರದ ಬೆಳವಣಿಗೆ’ ಎಂಬ ಅರ್ಥದ ಹೆಸರು ಕೊಟ್ಟರು. ಅವರ ಪ್ರಕಾರ ಮನುಷ್ಯ ಬೆಳೆಯುವುದು ಆಮೇಲಿನ ಒದ್ದಾಟದಿಂದ. ದುಃಖ ಹೋಗಬೇಕೆಂದೇನಿಲ್ಲ, ಎರಡೂ ಒಟ್ಟಿಗೇ ಇರುತ್ತವೆ. ಎಲ್ಲರಿಗೂ ಹೀಗೆ ಆಗಲೇಬೇಕು ಅಂತಲೂ ಇಲ್ಲ.

ನನ್ನಲ್ಲಿ ಆಗಿದ್ದು ಸಣ್ಣದು. ಸೈಟಿನ ಜಗಳಕ್ಕೆ ಮಾತು ಬಿಟ್ಟಿದ್ದ ಅಣ್ಣನ ಮನೆಗೆ ಹೋಗಿ ಊಟ ಮಾಡಿ ಬಂದೆ. ಅಮ್ಮ ಎಲ್ಲಿಗಾದರೂ ಹೋಗಬೇಕು ಅಂದರೆ ಆ ಭಾನುವಾರವೇ ಹೊರಡುತ್ತೇವೆ. ಕೋಟೆಗೆ ಮಾತ್ರ ಇನ್ನೂ ಹೋಗಿಲ್ಲ.