ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುವುದೇಕೆ?

ಕಾಲಿನ ನರ ಅದುಮಿಹೋಗುವುದರಿಂದ. ಕಾಲಿಗೇ ರಕ್ತ ನಿಂತುಬಿಡುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ.

ಮಂಡಿಯ ಹೊರಬದಿಗೆ, ಸ್ವಲ್ಪ ಕೆಳಗೆ ಬೆರಳಿಟ್ಟು ನೋಡಿ. ಮೂಳೆಯ ಗಂಟೊಂದು ಸಿಗುತ್ತದೆ. ಅದನ್ನು ಬಳಸಿ ಬರುವ ನರ ಚರ್ಮದ ಕೆಳಗೇ ಇದೆ, ಹಾಗಾಗಿ ಬೇಗ ಒತ್ತಡಕ್ಕೆ ಸಿಗುತ್ತದೆ. ಪಾದದ ಮೇಲ್ಭಾಗದ ಸ್ಪರ್ಶ ಮಿದುಳಿನತ್ತ ಹೋಗುವುದೂ, ಪಾದ ಎತ್ತುವ ಆದೇಶ ಬರುವುದೂ ಈ ನರದಲ್ಲೇ.

ನರದ ಸಂದೇಶವೆಂದರೆ ವಿದ್ಯುದಾವೇಶವಿರುವ ಸೋಡಿಯಂ, ಪೊಟ್ಯಾಸಿಯಂ ಕಣಗಳು ನರತಂತುವಿನ ಪೊರೆ ದಾಟುವುದು. ಅವನ್ನು ಮತ್ತೆ ಸ್ವಸ್ಥಾನಕ್ಕೆ ತಳ್ಳಲು ಆಮ್ಲಜನಕ ಬೇಕು. ನರಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಅದುಮಿಹೋದಾಗ ಈ ಕೆಲಸ ಕುಂಟುತ್ತದೆ. ಸ್ಪರ್ಶ ಒಯ್ಯುವ ದಪ್ಪ ತಂತುಗಳು ಮೊದಲು ಸುಮ್ಮನಾಗುತ್ತವೆ. ಕಾಲು ಚಾಚಿದಾಗ ರಕ್ತ ಮರಳುತ್ತದೆ, ಆದರೆ ತಂತುಗಳು ಹದಕ್ಕೆ ಬರುವ ಮೊದಲು ತಾವಾಗಿಯೇ ಸಂದೇಶ ಸಿಡಿಸುತ್ತವೆ. ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ ಅನಿಸುವುದು ಆಗಲೇ.

ತಕ್ಷಣ ಎದ್ದು ನಡೆಯಬೇಡಿ, ಪಾದ ಉಳುಕೀತು. ಬೆರಳು ಆಡಿಸುತ್ತ ಒಂದೆರಡು ನಿಮಿಷ ಕಾಯಿರಿ. ಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ಎಳೆಯುತ್ತಿದ್ದರೆ, ಅಥವಾ ಒತ್ತಡವೇ ಇಲ್ಲದೆ ಪದೇಪದೇ ಜೋಮು ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.