ಬೈಬಲ್ ವಚನ ಓದಿದರೂ ಜಗಳ ನಿಲ್ಲದಿದ್ದರೆ?

ಪ್ರಶ್ನೆ: ಕೊಡಗಿನ ಸಿದ್ದಾಪುರ ಕಡೆಯ ಸಣ್ಣ ಕ್ರೈಸ್ತ ಸಭೆಯೊಂದರ ಹಿರಿಯ ನಾನು. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಗಂಡ-ಹೆಂಡತಿ ಕುಡಿತದ ಜಗಳ ತರುತ್ತಾರೆ. ವಚನ ಓದಿ, ಪ್ರಾರ್ಥಿಸಿ ಕಳಿಸುತ್ತೇವೆ. ಮುಂದಿನ ವಾರ ಅದೇ ಕಥೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ವಚನ ತೀರಾ ಬೇಗ ಬರುತ್ತಿದೆ. ಕೇಳುವ ಮೊದಲೇ ಉತ್ತರಿಸುವುದು ಮೂರ್ಖತನವೆಂದು ಜ್ಞಾನೋಕ್ತಿ 18:13 ಹೇಳುತ್ತದೆ. ಕಷ್ಟಕ್ಕೆ ಸಿಕ್ಕ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಕೂತಿದ್ದಷ್ಟೂ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು. ಮೊದಲ ಭೇಟಿ ಕೇಳುವುದಕ್ಕೇ ಇರಲಿ, ಮುಕ್ಕಾಲು ಗಂಟೆ ಸಾಕು. ಇಬ್ಬರನ್ನೂ ಬೇರೆಬೇರೆ ಕೂರಿಸಿ. ಗಂಡನ ಎದುರು ಹೊಡೆತದ ಮಾತು ಹೊರಬರುವುದು ಕಷ್ಟ. ಆಕೆಯ ಜೊತೆ ಸಭೆಯ ಹಿರಿಯ ಹೆಂಗಸೊಬ್ಬರಿರಲಿ. ಹೊಡೆತವಿದ್ದರೆ ‘ತಾಳಿಕೋ’ ಎನ್ನಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿಸಿ.

ಊಟ, ನಿದ್ದೆ, ಸಾಲ, ಬಟವಾಡೆ ದಿನದ ಕುಡಿತ, ಎಲ್ಲ ವಿಚಾರಿಸಿ. ಸಾಯಬೇಕೆಂದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು; ಉಪದೇಶವಲ್ಲ (1 ಅರಸುಗಳು 19). ಆಮೇಲೆ ಒಂದೇ ವಚನ, ಆ ವಾರಕ್ಕೆ ಒಂದೇ ಕೆಲಸ.

ದಿನವೂ ಕುಡಿಯುವವನಿಂದ ‘ಇಂದೇ ಬಿಟ್ಟೆ’ ಎಂದು ಆಣೆ ಮಾಡಿಸುವುದು ಅಪಾಯ. ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನದೊಳಗೆ ನಡುಕ, ಫಿಟ್ಸ್, ಭ್ರಮೆ ಬರಬಹುದು. ಮೊದಲು ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ತೋರಿಸಿ. ಸಾಯುವ ಮಾತಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ.

ಕೇಳಿದ್ದು ಕೂಟದಲ್ಲಿ ‘ಪ್ರಾರ್ಥನಾ ವಿಷಯ’ವಾಗಿ ಸೋರಬಾರದು (ಸೋರುವುದು ಸಾಮಾನ್ಯವಾಗಿ ಅಲ್ಲೇ!). ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ತಿಳಿದರೆ ಗುಟ್ಟಿಲ್ಲ: 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲ ಭೇಟಿಯಲ್ಲೇ ಅವರಿಗೆ ಹೇಳಿಬಿಡಿ.