ಮೆಕ್ಯಾನಿಕಲ್ ಯಾಕೆ ಬೇಡ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: “ಮಗಳಿಗೆ ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದಿದೆ. ಮೆಕ್ಯಾನಿಕಲ್ ಎಂಜಿನಿಯರಿಂಗೇ ಬೇಕು ಅಂತಾಳೆ. ಹುಡುಗಿಯರಿಗೆ ಯಂತ್ರಗಳ ಕಡೆ ಒಲವು ಹುಟ್ಟಿನಿಂದಲೇ ಕಮ್ಮಿ, ಬೇಡ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ನಿಮಗೇನನ್ನಿಸುತ್ತದೆ?”

ಸಂಪಾದಕರ ಉತ್ತರ:

ನೆಂಟರ ಮಾತನ್ನು ನಾನು ಒಪ್ಪುವುದಿಲ್ಲ. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ನೋಡಿ. ವಿಜ್ಞಾನ ವಿಭಾಗದಲ್ಲಿ ಹುಡುಗಿಯರು 29.5 ಲಕ್ಷ, ಹುಡುಗರು 27.7 ಲಕ್ಷ. ಎಂಜಿನಿಯರಿಂಗ್‌ಗೆ ಬಂದರೆ ಹತ್ತು ಜನರಲ್ಲಿ ಹುಡುಗಿಯರು ಸುಮಾರು ಮೂವರು. ಫಿಸಿಕ್ಸು, ಗಣಿತ ವಿಜ್ಞಾನ ವಿಭಾಗದಲ್ಲೂ ಇವೆ, ಅಲ್ವಾ? ಹಾಗಾದರೆ ತಲೆಯಲ್ಲಿ ಕೊರತೆ ಎಲ್ಲಿ ಬಂತು? ಬಿಎಸ್ಸಿಗೆ ಫೀಸು ಕಮ್ಮಿ, ಸಂಜೆ ಬಸ್ಸಿಗೆ ಮಗಳು ಮನೆಗೆ ಬರುತ್ತಾಳೆ. ಎಂಜಿನಿಯರಿಂಗ್ ಅಂದರೆ ಕೋಚಿಂಗು, ಹಾಸ್ಟೆಲು, ಲಕ್ಷಗಳ ಮಾತು. ಆ ದುಡ್ಡನ್ನು ಮಗನಿಗೇ ಎತ್ತಿಡುವ ಮನೆಗಳು ಈಗಲೂ ಇವೆ.

ಐಐಟಿಗಳಲ್ಲಿ ಹುಡುಗಿಯರು ತೀರಾ ಕಮ್ಮಿ ಇದ್ದರು. 2018ರಿಂದ ಅವರಿಗಾಗಿ ಹೆಚ್ಚುವರಿ ಸೀಟು ಸೇರಿಸಿದರು. ಹುಡುಗಿಯರ ಪಾಲು ಮೊದಲ ವರ್ಷ ಶೇ 14, 2020ಕ್ಕೆ ಶೇ 20 ಆಗಬೇಕು ಅನ್ನುವುದು ಗುರಿ. ಹುಡುಗರ ಒಂದು ಸೀಟನ್ನೂ ಕಿತ್ತುಕೊಳ್ಳಲಿಲ್ಲ. ಬಂದವರೆಲ್ಲ ಐಐಟಿ ಪ್ರವೇಶ ಪರೀಕ್ಷೆ ಜೆಇಇ ಅಡ್ವಾನ್ಸ್ಡ್ ಪಾಸಾದವರೇ.

ನಮ್ಮ ಬೆಂಗಳೂರಿನದೇ ಒಂದು ಸಂಗತಿ ಹೇಳಬೇಕು. 1933ರಲ್ಲಿ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಬಾಂಬೆ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲಿಗರಾಗಿ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆ) ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಬೇಡ ಅಂದರು. ಕಮಲಾ ಸತ್ಯಾಗ್ರಹಕ್ಕೆ ಕೂತರು. ಕೊನೆಗೆ ಸೇರಿಸಿಕೊಂಡರು, ಆದರೆ ಷರತ್ತು ಹಾಕಿ: ಒಂದು ವರ್ಷ ಪ್ರೊಬೇಷನ್ ಮೇಲೆ ಇರಬೇಕು, ಹುಡುಗರ ಗಮನ ಕೆಡಿಸಬಾರದು. ಯಾವ ಹುಡುಗನಿಗೂ ಈ ಷರತ್ತು ಇರಲಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ವರ್ಷದ ಕೊನೆಗೆ ರಾಮನ್ ಅವರೇ ಕಮಲಾ ಅವರ ಕೆಲಸ ಒಪ್ಪಿಕೊಂಡರು. ಆಮೇಲೆ ಬೇರೆ ಹುಡುಗಿಯರಿಗೂ ಅಲ್ಲಿ ಬಾಗಿಲು ತೆರೆಯಿತು. ಕಮಲಾ ಕೇಂಬ್ರಿಜ್‌ಗೆ ಹೋಗಿ ಪಿಎಚ್‌ಡಿ ಮಾಡಿದರು.

ಅಷ್ಟು ಬಿರುಸಿನ ಷರತ್ತು ಈಗ ಯಾರೂ ಬರೆದು ಹಾಕುವುದಿಲ್ಲ. ಆದರೆ ರಾತ್ರಿ ಹತ್ತರವರೆಗೆ ಲ್ಯಾಬ್ ತೆರೆದಿಟ್ಟು, ಹುಡುಗಿಯರ ಹಾಸ್ಟೆಲ್ ಗೇಟಿಗೆ ಮಾತ್ರ ಏಳಕ್ಕೇ ಬೀಗ ಹಾಕುವ ಕಾಲೇಜು ಇದ್ದರೆ, ಪ್ರಾಜೆಕ್ಟ್ ಟೀಮಿನಲ್ಲಿ ಕಡೆಗೆ ರಿಪೋರ್ಟ್ ಬರೆಯುವ ಕೆಲಸ ಯಾರ ಪಾಲಿಗೆ ಬರುತ್ತೆ ಹೇಳಿ. ಲೇತ್ (ಲೋಹ ಕಡೆಯುವ ಯಂತ್ರ) ಮುಟ್ಟದೆ ಮೆಕ್ಯಾನಿಕಲ್ ಕಲಿಯೋದು ಹೇಗೆ?

ಈಗ ನಿಮ್ಮ ವಿಷಯ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬುವಾಗ, ಕ್ರಮವೇ ಮುಖ್ಯ. ನಿಮ್ಮ ರ‍್ಯಾಂಕಿಗೆ ಪಟ್ಟಿಯಲ್ಲಿ ಮೇಲಿನಿಂದ ಯಾವುದು ಮೊದಲು ಸಿಗುತ್ತೋ ಆ ಸೀಟೇ ಬರುತ್ತದೆ. ‘ಇರಲಿ’ ಅಂತ ಕಂಪ್ಯೂಟರ್ ಸೈನ್ಸ್ ಮೇಲೆ ಹಾಕಿ ಮೆಕ್ಯಾನಿಕಲ್ ಕೆಳಗಿಟ್ಟರೆ ಅವಳ ಆಸೆ ಅಲ್ಲಿಗೇ ಮುಗಿಯಬಹುದು. ಪಟ್ಟಿಯನ್ನು ಅವಳೇ ತುಂಬಲಿ, ನೀವು ಪಕ್ಕದಲ್ಲಿ ಕೂತಿರಿ. ಅದಕ್ಕೂ ಮೊದಲು ಒಂದೆರಡು ಕಾಲೇಜಿಗೆ ಅವಳ ಜೊತೆ ಹೋಗಿ ಬನ್ನಿ. ವರ್ಕ್‌ಶಾಪ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ, ಹುಡುಗಿಯರ ಹಾಸ್ಟೆಲ್ ಗೇಟು ಎಷ್ಟಕ್ಕೆ ಮುಚ್ಚುತ್ತೆ, ಎರಡನ್ನೂ ಕೇಳಿ.